ಡೀಸೆಲ್ ಬಾಟ್ಲಿಯ ಕೆಂಪು ಎಳೆ

ಇಳಕಲ್ಲಿನಿಂದ ಹುನಗುಂದದ ಕಡೆ ಹೊರಟರೆ, ಕಲ್ಲು ಪಾಲಿಶ್ ಮಾಡುವ ಕಾರಖಾನೆಗಳು ಮುಗಿಯುವಲ್ಲಿ ಎಡಕ್ಕೆ ಒಂದು ಬೋರ್ಡು ಕಾಣುತ್ತದೆ: ತಬಸುಮ ಡೀಸೆಲ್ ಪಂಪ್ ವರ್ಕ್ಸ್. ಅಕ್ಷರಗಳು ತುಸು ಬಲಕ್ಕೆ ವಾಲಿವೆ. ಬರೆದವಳು ತಬಸುಮಳೇ. ಪೇಂಟರು "ಅಪ್ಪನ ಹೆಸರು ಹಾಕಸವಾ, ಹೆಣ್ಮಗಳ ಹೆಸರು ನೋಡಿ ಗಾಡಿ ಯಾರು ತರ್ತಾರ?" ಎಂದದ್ದಕ್ಕೆ ಅವನ ಕೈಯಿಂದ ಬ್ರಶ್ಶು ಇಸಿದುಕೊಂಡು ತಾನೇ ಏಣಿ ಹತ್ತಿದ್ದಳು.

ಅಪ್ಪ ಅಹ್ಮದಸಾಬ ಮೂವತ್ತು ವರ್ಷ ಅದೇ ಕೋಣೆಯಲ್ಲಿ ಲಾರಿ, ಟ್ರ್ಯಾಕ್ಟರುಗಳ ಪಂಪು ಬಿಚ್ಚಿ ಕೂಡಿಸಿದವರು. ಈಗ ಕಣ್ಣು ಮಂಜಾಗಿ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಗಾಡಿಗಳ ಸಪ್ಪಳ ಕೇಳುತ್ತಾರೆ. ಮಗಳಿಗೆ ಮೂವತ್ತಾರು. ಹೊಸಬರು ಬಂದು "ಮೇಸ್ತ್ರಿ ಎಲ್ಲ್ಯಾರ?" ಎಂದರೆ ಕೈ ಒರೆಸಿಕೊಳ್ಳುತ್ತ "ನಿಮ್ಮ ಮುಂದ ನಿಂತಾರಲ್ರಿ" ಎನ್ನುತ್ತಾಳೆ. ಅರ್ಧ ಮಂದಿ ಅಲ್ಲೇ ತಿರುಗಿ ಹೋಗುತ್ತಾರೆ. ಮುಂದಿನ ವಾರ ಕೆಟ್ಟ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ವಾಪಸು ಬರುತ್ತಾರೆ.

ಹೋದ ಚಳಿಗಾಲದಲ್ಲಿ ಈ ಬೋರ್ಡು ಇಳಿಯುವುದರಲ್ಲಿತ್ತು. ಇಳಿಸಲು ಹೊರಟವರು ಶಿವಪ್ರಕಾಶ ಸಾವಕಾರರು. ಕೆಂಪು ಗ್ರಾನೈಟಿನ ಕ್ವಾರಿ ಅವರದು, ತಬಸುಮಳ ಅಂಗಡಿಯಿರುವ ಕಟ್ಟಡ ಅವರದು, ಊರಿನ ಐದು ಸಂಘಗಳ ಅಧ್ಯಕ್ಷಗಿರಿಯೂ ಅವರದೇ. ಆರನೆಯ ಸಂಘ ಇನ್ನೂ ಯಾರಿಗೂ ಹೊಳೆದಿಲ್ಲವಲ್ಲ ಎಂಬುದೊಂದೇ ಅವರ ಕೊರಗು.

ಆದದ್ದು ಇಷ್ಟು. ಬಾದಾಮಿಯಲ್ಲಿ ಅವರಿಗೊಂದು ಸನ್ಮಾನವಿತ್ತು. ಹೊರಟ ಬಿಳಿ ಡೀಸೆಲ್ ಕಾರು ಗುಳೇದಗುಡ್ಡದ ಏರಿನಲ್ಲಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಸಾವಕಾರರು ಉಳ್ಳಾಗಡ್ಡಿ ಚೀಲಗಳ ನಡುವೆ ಟಂಟಂ ಆಟೋದಲ್ಲಿ ಕೂತು ಬಾದಾಮಿ ಮುಟ್ಟುವಷ್ಟರಲ್ಲಿ ಶಾಲು ಉಪಾಧ್ಯಕ್ಷರ ಹೆಗಲೇರಿತ್ತು. ಕಾರು ನೋಡಿದ ಶೋರೂಮಿನವನು ಬಾನೆಟ್ ಎತ್ತಿ, ಇಳಿಸಿ, "ಪಂಪು, ಇಂಜೆಕ್ಟರು ಎಲ್ಲಾ ಹೊಸಾವು ಹಾಕಬೇಕ್ರಿ. ಹೊರಗಿನವರ ಕೈ ಬಿದ್ದೈತಿ" ಎಂದುಬಿಟ್ಟ. ಹಿಂದಿನ ತಿಂಗಳಷ್ಟೇ ಆ ಕಾರಿಗೆ ಹೊಸ ಡೀಸೆಲ್ ಫಿಲ್ಟರ್ ಹಾಕಿದ ಹೊರಗಿನ ಕೈ ತಬಸುಮಳದು.

ಮರುದಿನ ಬೆಳಿಗ್ಗೆ ಕ್ವಾರಿಯ ಟ್ರ್ಯಾಕ್ಟರು ಕಾರನ್ನು ಎಳೆದುಕೊಂಡು ಅಂಗಡಿಗೆ ಬಂತು. ಮುಂದೆ ಸಾವಕಾರರು, ಹಿಂದಿನ ಸೀಟಿನಲ್ಲಿ ಅವರ ತಾಯಿ ಸಿದ್ದಲಿಂಗವ್ವ. ಮಗ ಜಗಳಕ್ಕೆ ಹೊರಟರೆ ಜೊತೆಗೆ ಬರುವುದು ಮುದುಕಿಯ ರೂಢಿ. ಬಿಡಿಸಲು ಅಲ್ಲ, ನೋಡಲು.

ಸಾವಕಾರರು ಟೈಪು ಮಾಡಿಸಿದ ಒಂದು ಹಾಳೆ ಚಾಚಿದರು. "ನಿನ್ನ ಕೈತಪ್ಪಿನಿಂದ ಕಾರು ಕೆಟ್ಟೈತಿ ಅಂತ ಇದ್ರಾಗ ಬರದೈತಿ. ಸಹಿ ಮಾಡು. ಇಲ್ಲಾಂದ್ರ ಬೋರ್ಡು ಇಳಿಸಿ ಕೋಣಿ ಖಾಲಿ ಮಾಡು."

ತಬಸುಮ ಹಾಳೆಯನ್ನು ಓದಿ, ಮಡಚಿ, ಅವರ ಅಂಗಿಯ ಜೇಬಿಗೇ ತೂರಿಸಿದಳು. "ಮೊದಲ ಬಿಚ್ಚೂಣ್ರಿ ಸಾವ್ಕಾರ್ರ. ನಾಕು ಮಂದಿ ಮುಂದ. ನನ್ನ ತಪ್ಪು ಸಿಕ್ರ ಬೋರ್ಡು ನಾನ ಇಳಿಸ್ತೇನಿ, ನಿಮಗ ಏಣಿ ಹತ್ತೂ ತ್ರಾಸ ಬ್ಯಾಡ."

"ನನ್ನ ಕಟ್ಟಡದಾಗ ನಿಂತು ನನಗ ಶರ್ತ ಹಾಕ್ತೀಯಾ?"

"ಕಟ್ಟಡ ನಿಮ್ಮದ್ರಿ. ಕೈ ನನ್ನವು."

ನಾಲ್ಕು ಮಂದಿ ಸೇರಲು ಇಳಕಲ್ಲಿನಲ್ಲಿ ಹೊತ್ತು ಬೇಕಾಗುವುದಿಲ್ಲ. ಅವರಲ್ಲಿ ನಾನೂ ಒಬ್ಬ. ಗೋಡೆಗೆ ಆನಿಕೊಂಡು ಚಹಾ ಕುಡಿಯುವ ಹೊಣೆ ನನಗೆ ಬಿತ್ತು. ತಬಸುಮ ಬಾನೆಟ್ ಎತ್ತಿ ಮೊದಲು ಫಿಲ್ಟರಿಗೆ ಕೈ ಹಾಕಿದಳು.

"ಹೊಸಾ ಪಂಪು ಹಾಕಾಕ ಹೇಳ್ಯಾರ, ನೀ ಫಿಲ್ಟರ್ ಯಾಕ ಹಿಡ್ಕೊಂಡಿ?" ಎಂದರು ಸಾವಕಾರರು.

"ಟ್ಯಾಂಕಿನಿಂದ ಡೀಸೆಲ್ ಮೊದಲ ಜಾಳಿಗಿ ದಾಟತೈತ್ರಿ. ಅಲ್ಲಿಂದ ಫಿಲ್ಟರ್, ಅಲ್ಲಿಂದ ದೊಡ್ಡ ಪಂಪು. ಪಂಪು ಅದನ್ನ ಒತ್ತಿ ಒತ್ತಿ ರೇಲ್ ಅನ್ನೂ ದಪ್ಪ ಪೈಪಿಗೆ ತುಂಬತೈತಿ. ರೇಲಿನಿಂದ ನಾಕು ಇಂಜೆಕ್ಟರ್. ನೀವು ಕಡೀ ಮನಿಯವರನ್ನ ಬೈಯಾಕತ್ತೀರಿ. ನಾ ಮೊದಲನೇ ಮನಿಯಿಂದ ಕೇಳ್ಕೋತ ಬರ್ತೇನಿ."

ಫಿಲ್ಟರಿನ ತಳದ ತಿರುಪು ಸಡಿಲಿಸಿ ಒಂದು ಗಾಜಿನ ಬಾಟ್ಲಿ ಹಿಡಿದಳು. ಬಾಟ್ಲಿಯನ್ನು ಕಟ್ಟೆಯ ಮೇಲಿಟ್ಟು ಕಾದಳು. ಐದು ನಿಮಿಷದಲ್ಲಿ ಬಾಟ್ಲಿಯ ಅರ್ಧಕ್ಕೆ ಗೆರೆ ಎಳೆದ ಹಾಗಾಯಿತು. ಮೇಲೆ ಡೀಸೆಲ್, ಕೆಳಗೆ ನೀರು.

"ತಿಂಗಳಿಗೆ ಇಷ್ಟು ನೀರು ಬಂಕಿನ ಡೀಸೆಲ್‌ದಾಗ ಬರಂಗಿಲ್ಲ. ಎಲ್ಲಿ ತುಂಬಿಸ್ತೀರಿ?"

ಸಾವಕಾರರು ಎದೆಯುಬ್ಬಿಸಿದರು. ಬಂಕಿನವರನ್ನು ಅವರು ನಂಬುವವರಲ್ಲ. ಕ್ವಾರಿಯ ಯಂತ್ರಗಳಿಗೆಂದು ತರಿಸಿದ ಬ್ಯಾರಲ್ಲಿನಿಂದಲೇ ಕಾರಿಗೂ ಹಾಕುತ್ತಾರೆ. "ಅದೂ ಸೋಸಿ. ಬಟ್ಟಿ-ಅರಬಿ ಹಾಕಿ, ನಾನ ನಿಂತು ಸೋಸ್ತೇನಿ. ಶುದ್ಧ ಇರಬೇಕು ಅಂತ."

"ಅರಬಿ ಕಸಾ ತಡೀತೈತಿ, ನೀರನ್ನಲ್ರಿ. ಬ್ಯಾರಲ್ ಬೈಲಾಗ ಐತಲ್ಲ, ಹಗಲೆಲ್ಲಾ ಕಾಯತೈತಿ, ಥಂಡಿ ಬಿದ್ರ ಒಳಗ ಬೆವರತೈತಿ. ಆ ಬೆವರು ಪಂಪಿಗೆ ಹೊಕ್ರ ಉಕ್ಕು ಉಕ್ಕನ್ನ ತಿಂತೈತಿ. ಡೀಸೆಲ್ಲ ಅದಕ್ಕ ಗ್ರೀಸು." ಬಾಗಿ ಸ್ಟೇರಿಂಗಿನ ಹಿಂದೆ ನೋಡಿದಳು. "ನೀರು ಸೇರಿದ್ರ ಇಲ್ಲೊಂದು ಹಳದಿ ದೀಪ ಹತ್ತಬೇಕಲ್ಲ?"

ದೀಪವಿರುವ ಜಾಗದ ಮೇಲೆ ಒಂದು ಸ್ಟಿಕರ್ ಅಂಟಿತ್ತು. ಅಧ್ಯಕ್ಷರು ಎಂದು ಬರೆದಿತ್ತು. ಅಹ್ಮದಸಾಬರಿಗೆ ಕಾಣದಿದ್ದರೂ ಯಾರೋ ಓದಿ ಹೇಳಿದ್ದರಿಂದ ಅವರು ನಗು ಮುಚ್ಚಲು ಮುಖ ಆಚೆ ತಿರುಗಿಸಿ ಬಹಳ ಹೊತ್ತು ಕೆಮ್ಮಿದರು.

"ನೀರಿನ ಮಾತು ಬಿಡು," ಎಂದರು ಸಾವಕಾರರು. "ಏರಿನ್ಯಾಗ ಜೀವ ಹೋತಲ್ಲ, ಅದು ಪಂಪಿನ ರೋಗ ಅಂತ ಶೋರೂಮಿನವನ ಮಾತು."

"ಹೊಟ್ಟಿಗೆ ಕೂಳಿಲ್ದ ನಡಿಗಿ ನಿಂತ್ರ ಕಾಲಿನ ರೋಗ ಅಂತೀರೇನು?" ತಬಸುಮ ಹಿಂದಿನ ಬಾಗಿಲು ತೆಗೆದಳು. "ಆಯಿ, ಸ್ವಲ್ಪ ಇಳೀಬೇಕ್ರಿ. ಟ್ಯಾಂಕಿನ ಬಾಯಿ ನಿಮ್ಮ ಕೆಳಗೈತಿ."

"ಇಷ್ಟು ವರ್ಷ ನಾ ಅದರ ಮ್ಯಾಲ ಕುಂತೇನೇನ?" ಎನ್ನುತ್ತ ಸಿದ್ದಲಿಂಗವ್ವ ಇಳಿದರು.

ಸೀಟೆತ್ತಿ, ಸುತ್ತಲಿನ ಧೂಳು ಒರೆಸಿ, ಮುಚ್ಚಳ ತಿರುವಿ, ಡೀಸೆಲ್ ಎಳೆಯುವ ಸಾಮಾನನ್ನು ಹೊರಗೆ ತೆಗೆದಳು. ಅದರ ತುದಿಯ ಸಣ್ಣ ಜಾಳಿಗೆ ಕಾಣಿಸಲೇ ಇಲ್ಲ. ಅದರ ತುಂಬ ಮೆತ್ತಗೆ, ಜಡೆಗಟ್ಟಿದ ಹಾಗೆ ಕೆಂಪು ಎಳೆಗಳು, ನಡುನಡುವೆ ಬಿಳಿ.

ಎಲ್ಲರೂ ಬಗ್ಗಿ ನೋಡುವಾಗ ಮುದುಕಿ ಕನ್ನಡಕ ಏರಿಸಿಕೊಂಡರು. ಒಂದು ಎಳೆ ಎಳೆದು ಬೆರಳಿನಲ್ಲಿ ಹೊಸೆದರು.

"ಲೇ ಶಿವ್ಯಾ, ಇದು ತೋಪ ತೆನಿ ಸೆರಗು."

ತೋಪ ತೆನಿ ಅಂದರೆ ಇಳಕಲ್ ಸೀರೆಯ ಬಿಳಿ ತೆನೆಯ ಕೆಂಪು ರೇಶ್ಮೆ ಸೆರಗೆಂದು ಇಳಕಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ.

"ಟ್ರಂಕಿನ್ಯಾಗ ಇಟ್ಟಿದ್ದೆ. ದೀಪಾವಳಿಯಿಂದ ಹುಡುಕಾಕತ್ತೇನಿ. ಸೊಸಿ ಮ್ಯಾಲ ಅನುಮಾನ ಮಾಡಿ ಎರಡು ದಿನ ಮಾತು ಬಿಟ್ಟಿದ್ದೆ."

"ಹಳೇದಿತ್ತಲ್ಲವಾ," ಎಂದರು ಐದು ಸಂಘಗಳ ಅಧ್ಯಕ್ಷರು, ಹತ್ತು ವರ್ಷದ ಹುಡುಗನ ದನಿಯಲ್ಲಿ. "ನೀನೂ ಬೆಲ್ಲದ ಪಾಕ ಹಳೇ ಸೀರ್ಯಾಗ ಸೋಸ್ತಿದ್ದಿ."

"ಅದು ಸೀರಿಯ ಹತ್ತೀ ಒಡಲು. ನೀ ಸವದ ಸೆರಗು ಹರಕೊಂಡಿ. ಎಳಿ ಬಿಡದ ಏನು ಮಾಡತೈತಿ?"

ತಬಸುಮ ಟ್ಯಾಂಕು ಬರಿದು ಮಾಡಿ ತೊಳೆದಳು, ಜಾಳಿಗೆ ಸ್ವಚ್ಛ ಮಾಡಿದಳು, ಹೊಸ ಫಿಲ್ಟರ್ ಕೂಡಿಸಿ ಬಂಕಿನ ಡೀಸೆಲ್ ಹಾಕಿದಳು. ಕೈಪಂಪು ಒತ್ತಿ ಪೈಪಿನೊಳಗಿನ ಗಾಳಿ ಹೊರಡಿಸಿದಳು. ಪಾರದರ್ಶಕ ಪೈಪಿನಲ್ಲಿ ಗುಳ್ಳೆ ನಿಲ್ಲುವವರೆಗೆ ಬಿಡಲಿಲ್ಲ. ನಾಲ್ಕು ಇಂಜೆಕ್ಟರುಗಳಿಂದ ವಾಪಸಾಗುವ ಡೀಸೆಲ್ಲಿಗೆ ನಾಲ್ಕು ಸಣ್ಣ ಬಾಟ್ಲಿ ಕಟ್ಟಿ ಚಾವಿ ತಿರುವಿದಳು. ಕಾರು ಮೂರನೆಯ ಸಲಕ್ಕೆ ಚಾಲೂ ಆಯಿತು.

ಸಾವಕಾರರು ರೇಲಿನ ಪೈಪು ತೋರಿಸಲು ಬೆರಳು ಚಾಚಿದರು. ತಬಸುಮ ಅವರ ಕೈಯನ್ನು ಫಟ್ಟನೆ ಸರಿಸಿದಳು. "ಚಾಲೂ ಇದ್ದಾಗ ಬ್ಯಾಡ್ರಿ. ಅಲ್ಲೆ ಸಣ್ಣ ತೂತು ಬಿದ್ರೂ ಡೀಸೆಲ್ ಚರ್ಮ ಹರದು ಒಳಗ ಹೋಗತೈತಿ. ಅಧ್ಯಕ್ಷರ ಬೆರಳು ಅಂತ ಅದಕ್ಕ ಗೊತ್ತಾಗಂಗಿಲ್ಲ."

ಬಾಗಿಲ ಬಳಿಯಿಂದ ಅಹ್ಮದಸಾಬರು ಅಂದರು: "ಪಂಪು ಬರೋಬರ ಐತಿ. ಸಪ್ಪಳ ಕೇಳ್ರಿ." ನಾಲ್ಕೂ ಬಾಟ್ಲಿಗಳಲ್ಲಿ ಡೀಸೆಲ್ ಒಂದೇ ಮಟ್ಟಕ್ಕೆ ಏರಿತ್ತು. ಇಂಜೆಕ್ಟರುಗಳೂ ಬದುಕಿದ್ದವು.

ಸಾವಕಾರರು ಜೇಬಿನ ಹಾಳೆಯನ್ನು ಮುಟ್ಟಿ ನೋಡಿಕೊಂಡರು. "ಆತು ಬಿಡು. ಆದದ್ದು ಆಗಿ ಹೋತು."

"ಹಂಗ ಹೋಗೂದಲ್ರಿ. ಹಾಳ್ಯಾಗ ನನ್ನ ಕೈತಪ್ಪು ಅಂತ ಬರಸೀರಿ. ಈ ನಾಕು ಮಂದಿ ಮುಂದ ಅಲ್ಲ ಅನ್ರಿ."

ಸಾವಕಾರರು ಆಕಾಶ ನೋಡಿದರು, ಟ್ರ್ಯಾಕ್ಟರು ನೋಡಿದರು, ಕೊನೆಗೆ ತಾಯಿಯನ್ನು ನೋಡಿದರು. ಮುದುಕಿ ಎಳೆಯನ್ನು ಇನ್ನೂ ಹೊಸೆಯುತ್ತಿದ್ದರು.

"ಅನ್ನು," ಎಂದರು.

"ಈಕಿ ಕೈ ಅಲ್ಲ," ಎಂದರು ಸಾವಕಾರರು.

ಈಗ ಅವರು ಸಂಘದ ಸಭೆಗಳಲ್ಲಿ ಡೀಸೆಲ್ ಕಾರಿನ ನಿಗಾ ಹೇಗೆಂದು ಭಾಷಣ ಮಾಡುತ್ತಾರೆ. ಫಿಲ್ಟರಿನ ನೀರು ಆಗಾಗ ಇಳಿಸಬೇಕು, ಟ್ಯಾಂಕು ಪೂರ್ತಿ ಬರಿದಾಗಲು ಬಿಡಬಾರದು, ಬ್ಯಾರಲ್ಲಿನ ಡೀಸೆಲ್ ಮುಟ್ಟಬಾರದು ಎಂಬುದನ್ನೆಲ್ಲ ತಾವೇ ಕಂಡುಹಿಡಿದವರಂತೆ ಹೇಳುತ್ತಾರೆ. ಹೇಳುವುದೆಲ್ಲ ಸರಿಯಾಗಿಯೇ ಇರುತ್ತದೆ.

ತಬಸುಮ ಆ ಗಾಜಿನ ಬಾಟ್ಲಿಯನ್ನು ಚೆಲ್ಲಲಿಲ್ಲ. ಜಾಳಿಗೆಯ ಎಳೆಗಳನ್ನೂ ಅದರೊಳಗೆ ಹಾಕಿ, ಬೂಚು ಬಿಗಿದು, ಬೋರ್ಡಿನ ಕೆಳಗೆ ತಂತಿಯಿಂದ ತೂಗುಹಾಕಿದ್ದಾಳೆ. ಬಿಸಿಲು ಬಿದ್ದಾಗ ಕೆಂಪು ಚೆನ್ನಾಗಿ ಕಾಣುತ್ತದೆ. ಕಳೆದ ವಾರ ಬೀಗರು ಬರುವವರಿದ್ದಾರೆಂದು ಸಾವಕಾರರು ಬಂದು, ಅದನ್ನೊಂದು ತೆಗೆದರೆ ಛಲೋ ಇತ್ತಲ್ಲ ಎಂದರು.

ತಬಸುಮ ಕೈಯಲ್ಲಿದ್ದ ತಿರುಪಿನ ಪಾನಾ ಕೆಳಗಿಡಲೂ ಇಲ್ಲ.

"ಅದರ ಮ್ಯಾಲ ನಿಮ್ಮ ಹೆಸರಿಲ್ಲಲ್ರಿ ಸಾವ್ಕಾರ್ರ. ಇರೂದು ನನ್ನ ಹೆಸರು, ಅದೂ ಬೋರ್ಡಿನ ಮ್ಯಾಲ. ಬೋರ್ಡು ಇಳಿದ ದಿನ ಬಾಟ್ಲಿನೂ ಇಳಿಸ್ತೇನಿ."