ಮುಚ್ಚಿದ ಬಾನಿಗಳನ್ನು ತೆರೆಸಿದ ಮರುಳಪ್ಪನವರು

ಅರಸೀಕೆರೆ, ಬೇಲೂರು, ಹಳೇಬೀಡಿನ ಸೀಮೆಯಲ್ಲಿ ದನಗಳಿಗೆ ಮದ್ದು ಕೊಟ್ಟವರು ಅನೇಕರಿದ್ದಾರೆ. ಮದ್ದಿಗಿಂತ ಮೊದಲು ಮೇವನ್ನು ನೋಡಿರೆಂದು ಇಪ್ಪತ್ತೈದು ವರ್ಷ ಬೇಸರವಿಲ್ಲದೆ ಹೇಳುತ್ತ ಬಂದವರು ಪಶುವೈದ್ಯ ಇನ್ಸ್‌ಪೆಕ್ಟರ್ ಶ್ರೀ ಮರುಳಪ್ಪನವರು. ಈ ೧೯೪೬ರಲ್ಲಿ ನಿವೃತ್ತರಾಗುತ್ತಿರುವ ಅವರ ವಿದ್ವತ್ತನ್ನು ಕುರಿತು ಹಿರಿಯರು ಈ ಅಭಿನಂದನ ಸಂಪುಟದಲ್ಲಿ ಬರೆದಿದ್ದಾರೆ. ಇಲ್ಲಿರುವುದು ಅವರ ಪತ್ನಿ ರುದ್ರಮ್ಮನವರು ಕಂಡ ಮರುಳಪ್ಪನವರು. ಇದನ್ನು ಬರೆಯಲು ಆ ತಾಯಿಯ ಒಪ್ಪಿಗೆಯಿದೆ.

ಅರಸೀಕೆರೆಯಲ್ಲಿ ಕೆಲಸಕ್ಕೆ ಸೇರಿದಾಗ ಅವರು ಕಂಡದ್ದು ಮರಳು ಬೆರೆತ ಹಿಂಡಿ, ಬೂಷ್ಟು ಹಿಡಿದ ಹಿಂಡಿ, ಗೊಬ್ಬರಕ್ಕಷ್ಟೇ ಸಲ್ಲುವ ಹರಳು ಹಿಂಡಿ ಸೇರಿಸಿದ ಹಿಂಡಿ. ಮುರಿದು ನೋಡಿ, ಮೂಸಿ ನೋಡಿ, ನೀರಿನಲ್ಲಿ ನೆನೆಸಿ ನೋಡಿ ಎಂಬುದು ಅವರು ರೈತರಿಗೆ ಹಾಕಿಕೊಟ್ಟ ಕಟ್ಟಳೆ. ಗೆಂಡೆಹಳ್ಳಿಯ ಧರ್ಮಪ್ಪನ ಎತ್ತು ಹರಳು ಹಿಂಡಿ ತಿಂದು ಸತ್ತಾಗ, ಬಿತ್ತನೆ ನಿಲ್ಲದಿರಲೆಂದು ತಮ್ಮ ಗಾಡಿಯ ಎತ್ತನ್ನೇ ಕಳುಹಿಸಿ, ತಾವು ಮಳೆಗಾಲವೆಲ್ಲ ನಡೆದೇ ಊರೂರು ತಿರುಗಿದರು. ಆದರೂ ಚಾವಡಿಯಲ್ಲಿ ಗಂಡಸರು ತಲೆದೂಗಿದ್ದಷ್ಟೇ ಲಾಭ. ಮನೆಯಲ್ಲಿ ಹಿಂಡಿ ಕಲಸುವವರು ಹೆಂಗಸರು.

೧೯೩೪ರಲ್ಲಿ ಹಳೇಬೀಡಿಗೆ ವರ್ಗವಾಗಿ ಬಂದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಕಂಡವರ ಕಣ್ಣು ಬಿದ್ದರೆ ದನ ಹಾಲು ಬಿಡುವುದಿಲ್ಲವೆಂದು ಹೆಂಗಸರು ಹಿಂಡಿ ಕಲಸಿಡುವ ಬಾನಿಯ ಮೇಲೆ ಗೋಣಿತಾಟು ಹೊದಿಸಿಟ್ಟಿರುತ್ತಿದ್ದರು. ಬಾನಿಯಲ್ಲಿ ಏನಿದೆಯೆಂದು ಪಕ್ಕದ ಮನೆಯವಳಿಗೂ ಗೊತ್ತಿರುತ್ತಿರಲಿಲ್ಲ. ಬಸ್ತಿಹಳ್ಳಿಯ ಭಾಗಮ್ಮ ಒಬ್ಬಳು ಮಾತ್ರ, “ನೋಡ್ಕಳಿ ಸ್ವಾಮಿ, ಕಣ್ಣು ಬೀಳಂಗಿದ್ರೆ ಈ ಎಮ್ಮೆ ಯಾವತ್ತೋ ಗೊಡ್ಡಾಗಿರದು” ಎಂದು ಗೋಣಿ ಎತ್ತಿ ತೋರಿಸಿದಳು.

ಅಂದಿನಿಂದ ಮರುಳಪ್ಪನವರ ಬಾಯಲ್ಲಿ ಭಾಗಮ್ಮನದೇ ಹೆಸರು. ಊಟದ ಹೊತ್ತಿಗೆ ಭಾಗಮ್ಮನ ಹಿಂಡಿ, ಮಲಗುವ ಹೊತ್ತಿಗೆ ಭಾಗಮ್ಮನ ಎಮ್ಮೆ. ರುದ್ರಮ್ಮನವರು ಗಂಡನ ಮುಖವನ್ನು ಓರೆಗಣ್ಣಿನಿಂದ ಗಮನಿಸತೊಡಗಿದರು. ಆ ಹೆಸರು ಹೇಳುವಾಗ ಮುಖ ಅರಳುತ್ತದೆ ಎಂದು ಅವರಿಗೆ ತೋರಿತು. ತಮ್ಮ ಹೋಳಿಗೆಗೆ ಅದು ಎಂದೂ ಅಷ್ಟು ಅರಳಿದ್ದಿಲ್ಲ.

“ಅವಳ ಬಾನಿ ಅಷ್ಟು ಚೆನ್ನಾಗಿದ್ರೆ ನಾಳೆಯಿಂದ ಊಟಾನೂ ಅಲ್ಲೇ ಮಾಡ್ಕೊಂಡ್ ಬನ್ನಿ” ಎಂದರು ಒಂದು ದಿನ.

“ಅವಳದು ಎಮ್ಮೆ ಬಾನಿ ಕಣೇ” ಎಂದರು ಮರುಳಪ್ಪನವರು, ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಳ್ಳುತ್ತ.

ಅಷ್ಟರಲ್ಲಿ ರುದ್ರಮ್ಮನವರು ತವರಿನಿಂದ ತಂದಿದ್ದ ಹಸು ಹಾಲು ಕಡಿಮೆ ಮಾಡಿತು. ಇದು ಭಾಗಮ್ಮನ ಕಣ್ಣೇ ಎಂದು ನಿಶ್ಚಯಿಸಿ ಅವರು ನೇರವಾಗಿ ಬಸ್ತಿಹಳ್ಳಿಗೆ ನಡೆದರು.

“ನನ್ನ ಮನೆಯವರನ್ನ ನೋಡ್ತಿದ್ದದ್ದು ಸಾಲ್ದು ಅಂತ ನನ್ನ ಹಸೂನೂ ನೋಡಿದ್ಯೇನೇ?”

ಭಾಗಮ್ಮ ಸಗಣಿ ಕೈ ಸೊಂಟಕ್ಕಿಟ್ಟು ನಕ್ಕಳು. “ನಿಮ್ಮ ಯಜಮಾನ್ರು ನನ್ನ ಮಕ ಯಾವತ್ತು ನೋಡವ್ರೆ ಕಣ್ರವ್ವ? ಬಾನಿ ಒಳಗೇ ತಲೆ ಇಕ್ಕಿರ್ತಾರೆ. ನಡೀರಿ, ನಿಮ್ಮ ಬಾನಿ ನೋಡವ.” ನಾಲ್ಕಾರು ಹೆಂಗಸರು ಜೊತೆಗೆ ಹೊರಟರು.

ರುದ್ರಮ್ಮನವರ ಬಾನಿಗೂ ಗೋಣಿ ಹೊದಿಸಿತ್ತು. ಎಲ್ಲರ ಎದುರು ಅದನ್ನು ಎತ್ತದೆ ಬೇರೆ ದಾರಿಯಿರಲಿಲ್ಲ. ಪಕ್ಕದಲ್ಲಿದ್ದ ಹಿಂಡಿಯನ್ನು ಭಾಗಮ್ಮ ಮುರಿದಳು. ಒಳಗೆಲ್ಲ ಹಸಿರು ಬೂಷ್ಟು. ಇನ್ಸ್‌ಪೆಕ್ಟರ ಮನೆಗೆಂದು ಅಂಗಡಿಯವನು ಆರಿಸಿಕೊಟ್ಟ ಹಿಂಡಿಯಲ್ಲವೇ ಎಂಬ ಭರವಸೆಯಲ್ಲಿ ರುದ್ರಮ್ಮನವರು ಅದನ್ನು ಮುರಿದು ನೋಡಿರಲೇ ಇಲ್ಲ.

ಆ ಹೊತ್ತಿಗೆ ಮರುಳಪ್ಪನವರು ಬಂದರು. ಹೆಂಡತಿ ನಿಂತ ಬಗೆಯಿಂದಲೇ ಎಲ್ಲ ಅರ್ಥವಾಯಿತು. ಅವರು ಗದರಲಿಲ್ಲ, ಮುಚ್ಚಿಡಲೂ ಇಲ್ಲ. “ಊರವರ ಬಾನಿಯಲ್ಲೆಲ್ಲ ಇಣುಕಿದೆ, ನಮ್ಮನೇದು ನೋಡಲಿಲ್ಲ. ತಪ್ಪು ನನ್ನದು” ಎಂದು ಹಿಂಡಿಯನ್ನು ಹೊತ್ತು ತಿಪ್ಪೆಗೆ ಹಾಕಿ ಬಂದರು.

“ಸಾಹೇಬ್ರ ಮನೇಲೇ ಹಿಂಗಾದ್ರೆ ನಮ್ಮದೇನು ಗತಿ ಕಣೇ!” ಎಂದಳು ಜೊತೆಗೆ ಬಂದಿದ್ದ ತಿಮ್ಮಕ್ಕ ಎಂಬ ರೈತ ಹೆಂಗಸು, ಮತ್ತು ಮನೆಗೆ ಹೋಗಿ ತನ್ನ ಗೋಣಿ ಎತ್ತಿದಳು. ನಾಚಿಕೆ ಹಂಚಿಹೋದ ಮೇಲೆ ಒಂದೊಂದೇ ಕೊಟ್ಟಿಗೆಯಲ್ಲಿ ಬಾನಿಗಳು ತೆರೆದವು.

ರುದ್ರಮ್ಮನವರ ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ, ದಾರಿ ಬದಲಿಸಿತು. ಭಾಗಮ್ಮನಿಗಿಂತ ಒಳ್ಳೆಯ ಹಿಂಡಿ ತರಬೇಕೆಂದು ಅವರು ಅರಸೀಕೆರೆಯವರೆಗೂ ಹೋಗಿ, ಅಂಗಡಿಯವರ ಎದುರೇ ಮುರಿದು ಮೂಸಿ, ಬೇಡವೆಂದು ಬಿಟ್ಟು ಬರುತ್ತಿದ್ದರು. ಹಿಂದೆಯೇ ಹತ್ತಾರು ಹೆಂಗಸರು ಹಾಗೆಯೇ ಮಾಡಿದರು. ಹಸು ಮೊದಲಿನಂತೆ ಹಾಲು ಕೊಟ್ಟಿತು. ಆದರೆ ಮರುಳಪ್ಪನವರು ಮನೆಗೆ ಬಂದು ಹೊಗಳುತ್ತಿದ್ದದ್ದು ಭಾಗಮ್ಮನ ಕೊಟ್ಟಿಗೆಯನ್ನೇ. ಒಂದು ಒಳ್ಳೆಯ ಮಾತಿಗೆ ರುದ್ರಮ್ಮನವರು ವರ್ಷಗಳನ್ನೇ ಕಾದರು.

ಹೋದ ತಿಂಗಳು, ನಿವೃತ್ತಿಯ ಸುದ್ದಿ ಕೇಳಿ, ಭಾಗಮ್ಮ ಬೆಣ್ಣೆ ತಂದಿಟ್ಟು ಜಗುಲಿಯಲ್ಲಿ ಕೂತಳು.

“ಇನ್ನು ಬಿಡ್ರವ್ವ, ನನಗೂ ನೆಮ್ಮದಿ.”

“ನಿನಗೇನೇ ಕಷ್ಟ?”

“ಬಂದಾಗೆಲ್ಲ ನಿಮ್ಮದೇ ಮಾತು. ‘ನಮ್ಮ ರುದ್ರಮ್ಮನ್ನ ನೋಡು, ನಮ್ಮ ರುದ್ರಮ್ಮ ಹಿಂಡಿ ಆರಿಸೋದು ನೋಡು’ ಅಂತ. ಹನ್ನೆರಡು ವರ್ಷ ಕೇಳಿ ಕೇಳಿ ಹೊಟ್ಟೆ ಉರಿದೋಗೈತೆ.”

ರುದ್ರಮ್ಮನವರು ಒಳಗೆ ಹೋಗಿ, ತುಸು ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು, ಭಾಗಮ್ಮನಿಗೆ ತಟ್ಟೆ ತುಂಬ ಹೋಳಿಗೆ ತಂದರು.

ಶ್ರೀ ಮರುಳಪ್ಪನವರಿಗೆ ದೇವರು ನೂರು ವರ್ಷದ ಆಯುಸ್ಸನ್ನೂ, ಊರೂರು ತಿರುಗುವ ಕಾಲಿನ ಕಸುವನ್ನೂ ಕೊಡಲಿ. ಬಸ್ತಿಹಳ್ಳಿಯಲ್ಲಿ ಅಷ್ಟು ಧಾರಾಳವಾಗಿ ಆಡಿದ ಮಾತನ್ನು ತಮ್ಮ ಮನೆಯ ಜಗುಲಿಯಲ್ಲಿ ಕೂತು ಆಡುವಷ್ಟು ಬಿಡುವನ್ನೂ ಕೊಡಲಿ.