ಮರಳಲ್ಲಿ ನಿಂತ ಹಲಗೆಗಳು

ಮೂರು ವರ್ಷಗಳ ಹಿಂದೆ, ಗಣೇಶನ ಹಬ್ಬ ಕಳೆದ ವಾರ, ವಿಶಾಖಪಟ್ಟಣದಲ್ಲಿ ದೊಡ್ಡ ಮಳೆಯೊಂದು ನಿಂತ ಮರುದಿನ ಬೆಳಿಗ್ಗೆ ನನ್ನ ಅಕ್ಕನ ಮಗಳು ಹಲಗೆಯ ಮೇಲೆ ನಿಂತು ಅಲೆ ಏರುವ ಸರ್ಫಿಂಗಿಗೆಂದು ಕಡಲಿಗಿಳಿದಳು. ವಾರ ತುಂಬುವುದರೊಳಗೆ ಅವಳ ಬಲಗಿವಿ ಕೇಳಿಸದಾಯಿತು.

ಅಕ್ಕ, ಭಾವ ಧಾರವಾಡದ ಕಡೆಯವರು. ವಿಶಾಖಪಟ್ಟಣದ ಕಾರ್ಖಾನೆಯೊಂದರ ಟೌನ್‌ಶಿಪ್ಪಿನಲ್ಲಿ ನೆಲೆಸಿದ್ದಾರೆ. ಹುಡುಗಿ ಹುಟ್ಟಿ ಬೆಳೆದದ್ದು ಅಲ್ಲೇ. ಹೊರಗೆಲ್ಲ ತೆಲುಗು, ಕನ್ನಡ ಅಮ್ಮನ ಜೊತೆಗೆ ಮಾತ್ರ. ನಾನು ವಿಜಯವಾಡದಲ್ಲಿ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೇನೆ. ಬೆಂಜ್ ಸರ್ಕಲ್ ಹತ್ತಿರ ಕಿವಿಗೆ ಒಳ್ಳೆಯ ಡಾಕ್ಟರಿದ್ದಾರೆಂದು ಅಕ್ಕ ಅವಳನ್ನು ನನ್ನ ಮನೆಗೆ ಕರೆತಂದಳು.

ಕಿವಿಯೊಳಗೆ ಕೊಳಕು ನೀರು ಹೋಗಿ ಕೀವಾಗಿದೆ, ಪೊರೆ ತೂತಾಗಿದೆ, ಅದು ಕೂಡುವವರೆಗೆ ತಲೆ ಮುಳುಗಿಸಬಾರದು ಎಂದರು ಡಾಕ್ಟರು. ಮತ್ತೊಮ್ಮೆ ಹೀಗಾದರೆ ಆ ಕಿವಿಯ ಭರವಸೆ ತಾನು ಕೊಡಲಾರೆ ಎಂದೂ ಹೇಳಿದರು.

ಆಟೋದಲ್ಲಿ ಅಕ್ಕ ಸುಮ್ಮನಿರಲಿಲ್ಲ. “ಸಮುದ್ರದಾಗ ಬೀಳಾಕ ಅಷ್ಟು ತುಟ್ಟಿ ಹಲಗಿ ಯಾಕ ಬೇಕಿತ್ತ?”

“ಬೀಳೋದಲ್ಲಮ್ಮಾ. ನಿಲ್ಲೋದು ಕಲಿಯಾಕತ್ತೀನಿ.”

“ಹುಟ್ಟಿ ವರ್ಷ ತುಂಬೂಕಿಂತ ಮೊದಲ ನಿಂತಿದ್ದಿ. ಮತ್ತೇನು ಕಲಿಯೋದು?”

ಆ ದಿನಗಳಲ್ಲಿ ಅವಳು ಕಿವಿಗೆ ಹತ್ತಿ ಇಟ್ಟುಕೊಂಡು ನನ್ನ ಮನೆಯ ಬಾಲ್ಕನಿಯಲ್ಲಿ ಕೂರುತ್ತಿದ್ದಳು. ಕೆಳಗೆ ಹೆದ್ದಾರಿ. “ಮಾಮಾ, ಲಾರಿ ಹೆಂಗ ಬರ್ತಾವ ಕೇಳು. ಮೂರ್ನಾಕು ದೊಡ್ಡವು ಸಾಲಾಗಿ, ಆಮ್ಯಾಲ ಖಾಲಿ. ಸಮುದ್ರಂ ಹಂಗೇ ಬರ್ತದ.” ನಾನೂ ಕಣ್ಣು ಮುಚ್ಚಿ ಕೇಳಿದೆ. ಸ್ವಲ್ಪ ಹೊತ್ತಿಗೆ ಲಾರಿಗಳ ಗುರುತು ಅಳಿಸಿಹೋಯಿತು. ಎಲ್ಲಿಂದಲೋ ಏನೋ ಎದ್ದು ಬರುತ್ತಿತ್ತು, ಬಾಲ್ಕನಿಯ ಕೆಳಗೆ ಒಡೆಯುತ್ತಿತ್ತು, ಹಿಂದೆ ಸರಿಯುತ್ತಿತ್ತು. ಕಡಲಿಲ್ಲದ ಊರಿನಲ್ಲಿ ನಾವಿಬ್ಬರೂ ದಡದ ಮೇಲೆ ಕೂತಿದ್ದೆವು.

ಅಲ್ಲಿಂದಲೇ ಅವಳು ಆ ಸಂದೇಶ ಬರೆದದ್ದು. ಸರ್ಫ್ ಮಾಡುವ ಗೆಳೆಯರದೊಂದು ವಾಟ್ಸ್ಯಾಪ್ ಗುಂಪಿತ್ತು. ದಿನಾ ಬೆಳಿಗ್ಗೆ ದಡಕ್ಕೆ ಮೊದಲು ಬಂದವರು ಅಲೆ ಎಷ್ಟೆತ್ತರ, ಗಾಳಿ ಎತ್ತಣಿಂದ ಎಂದು ಅದರಲ್ಲಿ ತಿಳಿಸುತ್ತಿದ್ದರು. ಇವಳು ಕೇಳಿದಳು: ಯಾರಿಗಾದರೂ ಕಿವಿ ನೋವಿದೆಯೇ?

ಟೀ ಆರುವವರೆಗೂ ಉತ್ತರ ಬರುತ್ತಲೇ ಇತ್ತು. ಒಬ್ಬ ಬೈಕಿನ ಗಾಳಿಯಿಂದ ಎಂದುಕೊಂಡು ಮಫ್ಲರ್ ಸುತ್ತಿಕೊಂಡಿದ್ದ. ಒಬ್ಬಳಿಗೆ ಅಜ್ಜಿ ಬೆಳ್ಳುಳ್ಳಿ ಎಣ್ಣೆ ಬಿಟ್ಟಿದ್ದಳು. ಇನ್ನೊಬ್ಬನಿಗೆ ಮೈಯೆಲ್ಲ ತುರಿಕೆ. ಪ್ರತಿಯೊಬ್ಬರೂ ಅದು ತಮ್ಮೊಬ್ಬರ ತೊಂದರೆ ಎಂದುಕೊಂಡಿದ್ದರು. ಎಲ್ಲರೂ ನೀರಿಗಿಳಿದದ್ದು ಮಳೆಯ ಮರುದಿನ.

ಅದಕ್ಕೆ ಕಾರಣ ಹುಡುಕಬೇಕಾಗಿರಲಿಲ್ಲ. ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗಲೇ ಒಳ್ಳೆಯ ಅಲೆಗಳೇಳುತ್ತವೆ. ಸರ್ಫ್ ಮಾಡುವವರು ವರ್ಷವಿಡೀ ಕಾಯುವುದು ಆ ದಿನಕ್ಕೇ. ಊರಿನ ನಡುವಿನಿಂದ ಬರುವ ಕಾಲುವೆಯನ್ನು ಅಲ್ಲಿ ಗೆಡ್ಡ ಎನ್ನುತ್ತಾರೆ. ಉಳಿದ ದಿನ ಅದರ ಬಾಯಿಗೆ ಮರಳು ಮುಚ್ಚಿರುತ್ತದೆ. ದೊಡ್ಡ ಮಳೆಗೆ ಮರಳು ಕೊಚ್ಚಿಹೋಗಿ, ಅದುವರೆಗೆ ನಿಂತ ಕೊಳಕೆಲ್ಲ ಒಮ್ಮೆಲೇ ಕಡಲಿಗೆ ಬೀಳುತ್ತದೆ. ಒಳ್ಳೆಯ ಅಲೆ, ಕೆಟ್ಟ ನೀರು, ಎರಡೂ ಒಂದೇ ದಿನ.

ಗುಂಪಿನವರು ಮಾತಾಡಿಕೊಂಡರು. ಆ ದಿನ ಯಾರೂ ನೀರಿಗಿಳಿಯಬಾರದು. ಆದರೆ ಬರಬೇಕು, ನೀರು ಕೆಟ್ಟಿದೆಯೆಂದು ನೋಡಿದವರಿಗೆ ತಿಳಿಯುವಂತೆ ಹಲಗೆಯನ್ನು ಗೆಡ್ಡದ ಬಾಯಿಯ ಪಕ್ಕ ಮರಳಲ್ಲಿ ನಿಲ್ಲಿಸಬೇಕು.

ಕಾರ್ತಿಕ ಮುಗಿಯುವ ಹೊತ್ತಿಗೆ ಪೊರೆ ಕೂಡಿಕೊಂಡಿತು. ಇನ್ನು ನೀರಿಗಿಳಿಯಬಹುದು ಎಂದು ಡಾಕ್ಟರು ಹೇಳಿದ ವಾರವೇ ಮತ್ತೆ ಮಳೆ ಹಿಡಿಯಿತು. ನಾನು ಅವಳನ್ನು ಬಿಡಲು ವಿಶಾಖಪಟ್ಟಣಕ್ಕೆ ಹೋಗಿದ್ದೆ. ಮಳೆ ನಿಂತ ಬೆಳಿಗ್ಗೆ ಅವಳು ಅಲೆಯ ಮೇಲೆ ಕಾಲು ಜಾರದಂತೆ ಹಲಗೆಗೆ ಮೇಣ ಉಜ್ಜಿದಳು. “ಗೆಳ್ಯಾರಿಗೆ ಮಾತು ಕೊಟ್ಟಿದ್ದು ನೆನಪೈತಿಲ್ಲೋ?” ಎಂದಳು ಅಕ್ಕ. ಅವಳು ಹಲಗೆ ಎತ್ತಿಕೊಂಡು ಹೊರಟಳು.

ದಡದಲ್ಲಿ ಮಂಜಿತ್ತು. ಅಲೆಗಳು ಒಂದರ ಹಿಂದೊಂದು ಗಾಜು ಬಗ್ಗಿಸಿದಂತೆ ಏಳುತ್ತಿದ್ದವು. ಒಡೆಯುವ ಮುಂಚೆ ಅರೆಕ್ಷಣ ನಿಂತಂತೆ ಕಾಣುತ್ತಿದ್ದವು. ಗೆಡ್ಡದ ಕಪ್ಪು ನೀರು ಅವುಗಳ ಬುಡಕ್ಕೆ ಹರಿಯುತ್ತಿತ್ತು. ಅವಳು ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಪಾದ ನೆನೆಯದಷ್ಟು ದೂರದಲ್ಲಿ ಬಹಳ ಹೊತ್ತು ನಿಂತಳು. ಆಮೇಲೆ ಹಿಂದೆ ಬಂದು, ಮರಳು ತೋಡಿ ಹಲಗೆ ನೆಟ್ಟಳು. ಅದೇ ಮೊದಲನೆಯದು. ಮಂಜಿನೊಳಗಿಂದ ಉಳಿದವರು ಒಬ್ಬೊಬ್ಬರಾಗಿ ಬಂದು ಅದರ ಪಕ್ಕ ತಮ್ಮವನ್ನು ನೆಟ್ಟರು.

ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಂತು, ಇವತ್ತು ಸಮುದ್ರಕ್ಕೆ ರಜೆಯೇ ಎಂದು ನಗಾಡಿದಳು: “ಏಂಟಮ್ಮಾ, ಈ ರೋಜು ಸಮುದ್ರಾನಿಕಿ ಸೆಲವಾ?”

“ಜ್ವರಂ, ಪಿನ್ನೀ,” ಎಂದಳು ನಮ್ಮ ಹುಡುಗಿ.

ಚಿಕ್ಕಮ್ಮನೆಂದು ಕರೆಸಿಕೊಂಡ ಆ ಹೆಂಗಸು ಬುಟ್ಟಿ ಇಳಿಸಿ, ಕಪ್ಪು ನೀರು ನೋಡುತ್ತ ನಿಂತಳು. ಮುಂದಿನ ಮಳೆಗೆ ಅವಳ ಮನೆಯ ದೋಣಿಯ ಹುಟ್ಟುಗಳೂ ಸಾಲಿನಲ್ಲಿದ್ದವು. ಬೆಳಗಿನ ವಾಕಿಂಗಿನವರು ಸೇರಿಕೊಂಡರು. ಈಗ ಭಾನುವಾರಗಳಲ್ಲಿ ಅವರೆಲ್ಲ ಗೆಡ್ಡದ ಉದ್ದಕ್ಕೂ ನಡೆದು ಕಸ ಎತ್ತುತ್ತಾರೆ. ಬೆಳಗಿನ ಸಂದೇಶದಲ್ಲಿ ಅಲೆ, ಗಾಳಿಯ ಜೊತೆ ಗೆಡ್ಡದ ಸುದ್ದಿಯೂ ಇರುತ್ತದೆ.

ಇಂದು ಬೆಳಿಗ್ಗೆ ಬಂದದ್ದು: ಅಲೆ ಸೊಂಟದ ಮಟ್ಟ, ಗಾಳಿ ದಡದಿಂದ, ಗೆಡ್ಡ ಮುಚ್ಚಿದೆ. ಅಕ್ಕ ಫೋನಿನಲ್ಲಿ ಹೇಳಿದ ಪ್ರಕಾರ, ಅವಳು ನೀರಿನಲ್ಲಿದ್ದಾಳೆ.