ಕಾಕಾನ ಮನೆಗೆ ವೀರಭದ್ರ ಹೋದ ಶ್ರಾವಣ

ಆಗಿನ ಶ್ರಾವಣವೆಂದರೆ ನಮಗೆ ಹುಣಸೆಹಣ್ಣಿನ ಹುಳಿ ವಾಸನೆ. ನಾಗನೂರಿನ ನಮ್ಮ ಓಣಿಯಲ್ಲಿ ಹಂಡೆ, ತಂಬಿಗೆ, ದೇವರು ಎಲ್ಲ ಹುಣಸೆಹುಳಿ ಹಚ್ಚಿ ತಿಕ್ಕಿಸಿಕೊಳ್ಳಲು ಹೊರಗೆ ಬಂದು ಕಟ್ಟೆಯ ಮೇಲೆ ಕೂತಿರುತ್ತಿದ್ದವು. ಒಳಗೆ ನಾಗರ ಪಂಚಮಿಯ ಉಂಡಿಗೆ ಶೇಂಗಾ ಹುರಿಯುವ ಘಮ. ಹೊರಗೆ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ.

ನಮ್ಮ ಮನೆದೇವರು ವೀರಭದ್ರ. ನನ್ನ ಎರಡು ಅಂಗೈ ಜೋಡಿಸಿದಷ್ಟು ಅಗಲದ ಕಂಚಿನ ಫಲಕ. ಎಷ್ಟು ಹಳೆಯದೆಂದು ಅಜ್ಜನಿಗೂ ಗೊತ್ತಿರಲಿಲ್ಲವಂತೆ. ನಡುವೆ ಕತ್ತಿ, ಗುರಾಣಿ, ಬಿಲ್ಲು, ಬಾಣ ಹಿಡಿದು ನಿಂತ ದೇವರು. ಕಾಲ ಬಳಿ ಒಂದು ಕಡೆ ಕೈಮುಗಿದ, ಟಗರಿನ ತಲೆಯ ದಕ್ಷ, ಇನ್ನೊಂದು ಕಡೆ ಪುಟ್ಟದಾಗಿ ಅವನ ಮಗಳು ಸತಿ. ಪೂಜೆ ಮಾಡುತ್ತಿದ್ದವನು ಅಪ್ಪ. ತಿಕ್ಕಿ ತೊಳೆಯುವುದು ಅವ್ವ ಮತ್ತು ನಾನು.

ತಿಕ್ಕುವಾಗ ಅವ್ವ ಕತೆ ಹೇಳುತ್ತಿದ್ದಳು. ದಕ್ಷ ಯಜ್ಞ ಮಾಡಿದ, ಅಳಿಯ ಶಿವನನ್ನು ಕರೆಯಲಿಲ್ಲ. ಕರೆಯದಿದ್ದರೂ ತವರೆಂದು ಮಗಳು ಸತಿ ಹೋದಳು. ಅಪ್ಪನೇ ಎಲ್ಲರೆದುರು ಹೀಯಾಳಿಸಿದ. ಆಕೆ ಬೆಂಕಿಗೆ ಬಿದ್ದಳು. ಆ ಸಂಕಟದಲ್ಲಿ ಶಿವ ತನ್ನ ಜಡೆ ಕಿತ್ತು ನೆಲಕ್ಕೆ ಬಡಿದಾಗ ಎದ್ದವನು ವೀರಭದ್ರ. ದಕ್ಷನ ತಲೆ ಕತ್ತರಿಸಿದ. ಆಮೇಲೆ ಶಿವನೇ ಮರುಗಿ, ಟಗರಿನ ತಲೆ ಜೋಡಿಸಿ ಬದುಕಿಸಿದ.

"ಸಿಟ್ಟೂ ಶಿವಂದ, ಕರುಣಾನೂ ಶಿವಂದ. ತಿಳೀತಿಲ್ಲೋ?" ಎನ್ನುತ್ತಿದ್ದಳು.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಕಾಮಣಿಯಾಗಿ, ಮೈ ಕಣ್ಣೆಲ್ಲ ಹಳದಿ ತಿರುಗಿ ತೀರಿಕೊಂಡ. ಮನೆಯಲ್ಲಿ ಅವ್ವ, ನಾನು, ತಂಗಿ ನೀಲಾ, ಮೂವರು ಹೆಣ್ಣುಮಕ್ಕಳೇ ಉಳಿದೆವು. ಅಪ್ಪನ ತಮ್ಮ ಮಲ್ಲಪ್ಪ ಕಾಕಾ ಅದೇ ಊರಲ್ಲಿ ಬೇರೆ ಇದ್ದ. ಗೋಕಾಕಕ್ಕೆ ಹೋದಾಗಲೆಲ್ಲ ನಮಗೆ ಕರದಂಟು ತರುತ್ತಿದ್ದವನು. ಫಾಲ್ಸ್ ನೋಡಲು ಹೋದಾಗ ನನ್ನನ್ನು ಹೆಗಲ ಮೇಲೆ ಹೊತ್ತು ತೂಗುಸೇತುವೆ ದಾಟಿಸಿದವನು.

ಅದು ಅಪ್ಪನಿಲ್ಲದ ಮೊದಲ ಶ್ರಾವಣ. ಪಂಚಮಿಯ ಹಿಂದಿನ ದಿನ ಅವ್ವ ಕಟ್ಟೆಯ ಮೇಲೆ ದೇವರನ್ನು ತಿಕ್ಕುತ್ತಿದ್ದಳು, ನಾನು ನೀರು ಹಾಕುತ್ತಿದ್ದೆ. ಕಾಕಾ ಬಂದು ನಿಂತ. ಕೈಯಲ್ಲಿ ಹೊಸ ಕೆಂಪು ವಸ್ತ್ರ.

"ವೈನಿ, ದೇವರನ್ನ ಒಯ್ಯಾಕ ಬಂದೀನ್ರಿ."

"ಎಲ್ಲಿಗೆ?"

"ನಮ್ಮ ಮನಿಗೆ. ಗಂಡುಮಕ್ಕಳಿಲ್ಲದ ಮನ್ಯಾಗ ವೀರಭದ್ರದೇವರು ಇರಬಾರದಂತ್ರಿ. ಹಿರ್ಯಾರು ಹೇಳ್ಯಾರ."

ಅವ್ವನ ಕೈ ನಿಂತಿತು. "ಇವ ಯಾರ ಸಲುವಾಗಿ ಹುಟ್ಯಾನ, ಮಲ್ಲಪ್ಪ? ಒಬ್ಬ ಹೆಣ್ಣಮಗಳಿಗೆ ತವರಮನ್ಯಾಗ ಅಪಮಾನ ಆತಂತ ಹುಟ್ಯಾನ. ಈಗ ಹೆಣ್ಣಮಕ್ಕಳ ಮನಿ ಅವಂಗ ಬ್ಯಾಡಾತೇನು?"

"ಅದೆಲ್ಲ ನನಗ ತಿಳ್ಯಾಂಗಿಲ್ರಿ. ಪದ್ಧತಿ ಐತಿ."

"ಹಂಗಾರ ನೀನ ತಗೊಂಡು ಹೋಗು. ನನ್ನ ಕೈಲೆ ಕೊಡಂಗಿಲ್ಲ."

ಕಾಕಾ ಹುಣಸೆಹುಳಿ ಹತ್ತಿದ್ದ ದೇವರನ್ನು ಹಾಗೆಯೇ ವಸ್ತ್ರದಲ್ಲಿ ಸುತ್ತಿಕೊಂಡ. ನಾನು ಹಿಂದೆ ಓಡಿದೆ. ಊರ ಅಗಸಿಬಾಗಿಲ ಹತ್ತಿರ ಅವನ ಅಂಗಿ ಹಿಡಿದು, "ಕಾಕಾ, ಕೊಡೋ, ಇನ್ನೂ ತೊಳದಿಲ್ಲ" ಎಂದು ಅತ್ತೆ. ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಮುಟ್ಟಬ್ಯಾಡ, ಮೈಲಿಗಿ ಆಕ್ಕೈತಿ" ಎಂದ.

ಮರುದಿನ ಓಣಿಯ ಹುಡುಗಿಯರು ಜೋಕಾಲಿಗೆ ಕರೆದರು. ಹೋಗಲಿಲ್ಲ. ಅವ್ವ ಉಂಡಿ ಕಟ್ಟಿ ನಮಗೆ ತಿನ್ನಿಸಿದಳು. ಎಡೆ ಯಾರಿಗೆ ಎಂದು ನೀಲಾ ಕೇಳಿದಾಗ ಅವಳ ಕೈಗೆ ಇನ್ನೊಂದು ಉಂಡಿ ಇಟ್ಟಳು. ಸಂಜೆ ಮಣ್ಣು ಕಲಸಿ ಗೋಡೆಯ ದೇವರ ಗೂಡನ್ನೇ ಮುಚ್ಚಿಬಿಟ್ಟಳು. ಕಾಕಾನ ಮನೆಯ ಹೊಸ್ತಿಲನ್ನು ಅವಳು ಮತ್ತೆ ತುಳಿಯಲಿಲ್ಲ.

ಅವ್ವ ತೀರಿಹೋದ ಮೇಲೆ, ಮೊನ್ನೆ ಮೊನ್ನೆ, ನಾನೇ ಆ ಮನೆಗೆ ಹೋದೆ. ದೇವರ ಜಗಲಿಯ ಮೇಲೆ ಥಳಥಳಿಸುವ ದೊಡ್ಡ ಹಿತ್ತಾಳೆ ಮೂರ್ತಿಯಿತ್ತು. "ಹಳೇದು ಭಾಳ ಸವದಿತ್ತಕ್ಕ, ಅಂಗಡಿಗೆ ಕೊಟ್ಟು ಇದನ್ನ ತಂದ್ವಿ" ಎಂದ ಕಾಕಾನ ಮಗ. ಅವನಿಗದು ಪಾತ್ರೆ ಬದಲಿಸಿದಷ್ಟೇ ಸಲೀಸಾಗಿತ್ತು. ಮಂಚದ ಮೇಲಿದ್ದ ಕಾಕಾ ನನ್ನ ಗುರುತು ಹಿಡಿದು, "ಬಾರವ್ವ ಶಾಂತಾ, ಕೈ ಮುಗಿ" ಎಂದ. ನಾನು ಮುಗಿಯಲಿಲ್ಲ. ಚಹಾ ಕುಡಿದು ಎದ್ದೆ.

ಅಣ್ಣತಮ್ಮಂದಿರಿಲ್ಲದ ನಮಗೆ, ಅವ್ವನ ನಂತರ ಆ ಮನೆಯೇ ತವರಾಗಬೇಕಿತ್ತು. ಈಗಲೂ ಪಂಚಮಿ ಬಂದಾಗ ನನ್ನ ಗಂಡನ ಮನೆಯ ಓಣಿಯ ಹೆಣ್ಣುಮಕ್ಕಳನ್ನೆಲ್ಲ ತವರಿನಿಂದ ಯಾರಾದರೂ ಕರೆಯಲು ಬರುತ್ತಾರೆ. ನಾನೂ ನೀಲಾನೂ ಅವತ್ತು ಫೋನಿನಲ್ಲಿ ಒಬ್ಬರಿಗೊಬ್ಬರು ಊಟ ಆಯಿತೇ ಎಂದು ಕೇಳಿಕೊಳ್ಳುತ್ತೇವೆ.